ಮಣ್ಣೆಲೆಯ ರುಚಿ

ಮೇಸ್ವಿಲ್, ಕೆಂಟಕಿ
೧೧ ಡಿಸೆಂಬರ್ ೧೯೫೭, ಬುಧವಾರ

ತಮ್ಮ ಥರ್ಮನ್‌ಗೆ,

ನೀನೂ ನಿನ್ನ ಹೆಂಡತಿ ರೋವೀನಾಳೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯಲು ಕೂತಿದ್ದೇನೆ. ಚೆನ್ನಾಗಿಲ್ಲದಿದ್ದರೆ ಒಡಹುಟ್ಟಿದವಳಿಗೆ ವಕೀಲನ ಕೈಯಲ್ಲಿ ಕಾಗದ ಬರೆಸುವಷ್ಟು ಹುರುಪು ನಿನಗೆ ಬರುತ್ತಿರಲಿಲ್ಲ. ನಿನ್ನ ಮೂರು ಪತ್ರ, ಆ ವಕೀಲನದೊಂದು, ನಾಲ್ಕೂ ತಲುಪಿವೆ. ಉತ್ತರ ತಡವಾಯಿತು, ಮನ್ನಿಸು. ಸಿಟ್ಟಿನಿಂದ ತಡಮಾಡಿದ್ದಲ್ಲ. ಮೂರು ವಾರ ಒಣಗಾಳಿ ಬೀಸಿ ಕೊಟ್ಟಿಗೆಯಲ್ಲಿ ತೂಗುಹಾಕಿದ್ದ ಹೊಗೆಸೊಪ್ಪು ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಮೊನ್ನೆ ಸೋನೆ ಹಿಡಿದು ಹದಕ್ಕೆ ಬಂತು. ಸೊಪ್ಪು ಹದಕ್ಕೆ ಬಂದ ದಿನ ಮನೆಯಲ್ಲಿ ಹೆಣವಿದ್ದರೂ ಮೊದಲು ಕೊಟ್ಟಿಗೆಗೆ ಹೋಗಬೇಕು ಎನ್ನುತ್ತಿದ್ದ ಅಪ್ಪ. ಈ ಕಾಗದದ ಮೇಲೆ ಕಂದು ಬೆರಳಚ್ಚು ಬಿದ್ದಿದ್ದರೆ ಅದು ಆ ಕೆಲಸದ್ದು. ಸಿಟ್ಟೂ ಇತ್ತು, ಇಲ್ಲವೆನ್ನುವುದಿಲ್ಲ.

ಊರಿನ ಸುದ್ದಿ ಹೆಚ್ಚಿಲ್ಲ. ಹರಾಜಿನ ಮಳಿಗೆಗಳು ಶುರುವಾಗಿ ಬೀದಿ ತುಂಬ ಲಾರಿ. ದೋಣಿ ನಡೆಸುತ್ತಿದ್ದ ಮುದುಕ ಜೂಬಲ್ ಇನ್ನೂ ಗಟ್ಟಿಯಾಗಿದ್ದಾನೆ. ಹೋದ ಶನಿವಾರ ನಮ್ಮ ಅಂಗಡಿಗೆ ಬಂದು ನಿಮ್ಮ ಕಂಪನಿಯ ಪೈಪ್ ಸೊಪ್ಪಿನ ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದ. "ಲಿಯೋಟಾ, ನಿನ್ನ ತಮ್ಮ ಇದರೊಳಗೆ ಏನು ತುಂಬಿದಾನೆ? ಎಳೆದ್ರೆ ಬಿಕ್ಕಳಿಕೆ, ಬಿಟ್ರೆ ಕಣ್ಣುರಿ. ಜಗಲಿ ಮೇಲೆ ಮಲಗಿದ್ದ ನನ್ನ ನಾಯಿ ಎದ್ದು ಆಚೆ ಹೋಯ್ತು ಕಣಮ್ಮ. ಹನ್ನೊಂದು ವರ್ಷದಿಂದ ಆ ನಾಯಿ ಯಾತಕ್ಕೂ ಎದ್ದಿದ್ದಿಲ್ಲ" ಎಂದ. ಅವನಿಗೆ ನನ್ನ ಗಾಜಿನ ಜಾಡಿಯ ಸೊಪ್ಪಿನಿಂದ ಒಂದು ಪೊಟ್ಟಣ ಕಟ್ಟಿಕೊಟ್ಟೆ. ಮೂಸಿ ನೋಡಿ ಜೇಬಿಗಿಟ್ಟುಕೊಂಡು ಹೋದ.

ನಿನ್ನ ವಕೀಲನಿಗೆ ತಿಳಿಸು. ನಾನು 'ಮಿಲ್ ಫೋರ್ಕ್' ಮಾರುತ್ತಿಲ್ಲ. ಅಪ್ಪನ ಸೊಪ್ಪಿನ ಆ ಹೆಸರನ್ನು ನೀನು ಸಿನ್ಸಿನಾಟಿಯ ಕಂಪನಿಯವರಿಗೆ ಮಾರಿ ಐದು ವರ್ಷವಾಯಿತು, ಅದು ಅವರ ಸೊತ್ತು. ನನ್ನ ಜಾಡಿಗೆ ಹೆಸರಿಲ್ಲ. ಚೀಟಿ ಕೂಡ ಅಂಟಿಸಿಲ್ಲ. ಹೆಸರಿಲ್ಲದ್ದನ್ನು ಕೊಳ್ಳಬೇಡಿ ಎಂದು ಮೇಸ್ವಿಲ್ಲಿನ ಮುದುಕರ ಮೇಲೆ ದಾವೆ ಹೂಡುವುದಾದರೆ ಹೂಡಲಿ.

ನಿಮ್ಮ ಡಬ್ಬಿಯನ್ನು ನಾನೂ ಕೊಂಡು ತಂದೆ, ಔಷಧಿ ಅಂಗಡಿಯಲ್ಲಿ. ಮುಚ್ಚಳದ ಮೇಲೆ ಅಪ್ಪನ ಚಿತ್ರ. ಗಡ್ಡಕ್ಕೆ ಬಣ್ಣ ಹಾಕಿ ಹಳೆಯ ಸೇನಾಪತಿಯ ಹಾಗೆ ಮಾಡಿದ್ದಾರೆ. ಕೆಳಗೆ ಸಾಲು: 'ತಂದೆ-ಮಗನ ಕೈಗುಣ'. ಅದನ್ನು ಮೊದಲು ಅಚ್ಚು ಹಾಕಿಸಿದಾಗ ನಾನು ಬಾಯಿಬಿಟ್ಟು ಕೇಳಿದ್ದೆ, 'ತಂದೆ-ಮಕ್ಕಳು' ಎಂದಾದರೂ ಹಾಕಿಸು ಎಂದು. ನೀನು ನಕ್ಕುಬಿಟ್ಟೆ. "ಹೆಂಗಸಿನ ಹೆಸರು ನೋಡಿ ಯಾರಕ್ಕಾ ಪೈಪಿಗೆ ಸೊಪ್ಪು ತುಂಬ್ತಾರೆ? ಅದೇನು ಕೇಕ್ ಹಿಟ್ಟಾ?" ಎಂದೆ. ಆ ಮಾತನ್ನು ನೀನು ಮರೆತಿರಬಹುದು.

ಡಬ್ಬಿಯೊಳಗಿನದನ್ನು ಸೇದಿಯೂ ನೋಡಿದೆ. ಹೌದು, ನಾನೇ. ಆಮೇಲೆ ಅದರ ಕತೆ ಹೇಳುತ್ತೇನೆ. ಮೊದಲ ದಮ್ಮಿಗೆ ವೆನಿಲ್ಲಾ, ಎರಡನೆಯದಕ್ಕೆ ಒದ್ದೆ ಕಾಗದ, ಮೂರನೆಯದಕ್ಕೆ ನಾಲಿಗೆಯ ತುದಿ ಸುಟ್ಟಿತು. ಬುಡಕ್ಕೆ ಬರುವಷ್ಟರಲ್ಲಿ ಪೈಪಿನಲ್ಲಿ ಕೆಸರು. ಇದನ್ನು ಸರಿಮಾಡದಿದ್ದರೆ ಹೊಸ ವರ್ಷಕ್ಕೆ ಮಿಲ್ ಫೋರ್ಕ್ ನಿಲ್ಲಿಸುತ್ತಾರೆ, ಅದರ ಜೊತೆಗೆ ಕಂಪನಿಯಲ್ಲಿ ನಿನ್ನ ಕುರ್ಚಿಯೂ ಹೋಗುತ್ತದೆ ಎಂದು ಬರೆದಿದ್ದೀಯ. ಅದಕ್ಕೆ ಕಾರಣ ನಾನು ಎಂದೂ ಬರೆದಿದ್ದೀಯ.

ಅಕ್ಟೋಬರಿನಲ್ಲಿ ನೀನು ಬಂದು ಹೋದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಂಪನಿಯ ಕ್ರೆಸ್‌ವೆಲ್ ಎಂಬುವನನ್ನು ಬೆನ್ನಿಗೆ ಕಟ್ಟಿಕೊಂಡು ಬಂದೆ. ಬಾಗಿಲಲ್ಲೇ ಕೇಳಿದೆ.

"ಅಕ್ಕಾ, ಆ ಹಾಳೆ ಎಲ್ಲಿಟ್ಟಿದೀಯ ಹೇಳ್ಬಿಡು. ನಾಟಕ ಸಾಕು."

"ಯಾವ ಹಾಳೆನೋ?"

"ಅಪ್ಪನ ಪುಸ್ತಕದಿಂದ ಹರಿದಿಟ್ಕೊಂಡಿದ್ದು. ಬರೆದಿರೋ ಹಾಗೇ ಮಾಡಿದ್ರೂ ರುಚಿ ಬರ್ತಿಲ್ಲ. ನಿನ್ನ ಜಾಡೀಲಿ ಮಾತ್ರ ಹೇಗೆ ಬರುತ್ತೆ?"

"ಬಂದವನು ಕಾಫಿ ಕುಡಿ ಮೊದಲು."

"ಕಾಫಿ ಬೇಡ, ಹಾಳೆ ಬೇಕು."

ಆ ಕ್ರೆಸ್‌ವೆಲ್ ಹ್ಯಾಟು ಕೈಯಲ್ಲಿ ಹಿಡಿದುಕೊಂಡು, "ತಾಯೀ, ನೀವು ಮನಸ್ಸು ಮಾಡಿದ್ರೆ ಎಲ್ಲರಿಗೂ ಒಳ್ಳೇದು" ಎಂದ. ನೀನು ಅಷ್ಟರಲ್ಲಿ ಅಡುಗೆಮನೆಯ ಕಪಾಟಿನಲ್ಲಿದ್ದದ್ದನ್ನೆಲ್ಲ ಕೆಳಗಿಳಿಸಿದ್ದೆ. ಅಮ್ಮನ ಕೌದಿಗಳ ಪೆಟ್ಟಿಗೆಗೆ ಕೀಲಿ ಸಿಗಲಿಲ್ಲವೆಂದು ಮುಚ್ಚಳ ಮೀಟಿ ಮುರಿದೆ. ಒಂದೊಂದೇ ಕೌದಿ ಕೊಡವಿ ನೆಲಕ್ಕೆ ಹಾಕಿದೆ. ಊರ ಹೊರಗಿನವನೊಬ್ಬ ನೋಡುತ್ತ ನಿಂತಿದ್ದಾಗ ನನ್ನ ಒಳಬಟ್ಟೆಯ ಖಾನೆಗೂ ಕೈ ಹಾಕಿದೆ. ನಾನು ಒಲೆಯ ಹತ್ತಿರ ನಿಂತು ನೋಡಿದೆ. ಬಾಯಿ ತೆರೆದಿದ್ದರೆ ಕೈಯಲ್ಲಿದ್ದ ಕಾವಲಿಯೂ ಮಾತಾಡುತ್ತಿತ್ತು.

ಹಾಳೆ ಇಲ್ಲ, ಥರ್ಮನ್. ಯಾವತ್ತೂ ಇರಲಿಲ್ಲ. ಅಪ್ಪನ ಪುಸ್ತಕದಲ್ಲಿ ಇದ್ದದ್ದೆಲ್ಲ ನಿನಗೆ ಸಿಕ್ಕಿದೆ: ನಮ್ಮ ಸೊಪ್ಪು ಏಳು ಪಾಲು, ವರ್ಜೀನಿಯಾದ ಹಳದಿ ಸೊಪ್ಪು ಎರಡು, ಹೊಗೆಯಲ್ಲಿ ಒಣಗಿಸಿದ ಕರಿಸೊಪ್ಪು ಒಂದು. ಮೇಲೆ ಚಿಮುಕಿಸಲು ಜೋಳದ ದಂಟಿನ ಜೋನಿಬೆಲ್ಲ, ಕೋಕೋ, ಬೆರಳುದ್ದ ಜ್ಯೇಷ್ಠಮಧು. ಅಷ್ಟೇ. ನೀನು ತಪ್ಪಿದ್ದು ಮೊದಲನೆಯ ಮಾತಿನಲ್ಲಿ. 'ನಮ್ಮ ಸೊಪ್ಪು' ಎಂದರೆ ಯಾವ ಸೊಪ್ಪು ಎಂದು ಕಂಪನಿಯವರು ಕೇಳಿದಾಗ, 'ಮೊದಲ ದರ್ಜೆಯ ಕೆಂಪೆಲೆ' ಎಂದು ಬರೆಸಿದೆಯಂತೆ. ಕ್ರೆಸ್‌ವೆಲ್ ಹೆಮ್ಮೆಯಿಂದ ಹೇಳಿದ. ನಮ್ಮೂರಿನ ಬರ್ಲಿ ಹೊಗೆಸೊಪ್ಪು ಬೆಳೆಯುವವನ ಮಗ ಬೇರೇನು ಬರೆಸಿಯಾನು? ಹರಾಜಿನಲ್ಲಿ ಕೆಂಪೆಲೆಗೆ ಕೂಗು ಏರುವಾಗ ಅಪ್ಪನ ತೋಳು ಹಿಡಿದು ನಿಂತು ಬೆಳೆದವನು ನೀನು.

ಸೊಪ್ಪು ಬಿಡಿಸುವ ಕೋಣೆ ನಿನಗೆ ನೆನಪಿದೆಯೇ? ಒಲೆ, ಉದ್ದನೆಯ ಹಲಗೆ, ಉತ್ತರದ ಕಿಟಕಿ. ದಂಟು ಕೈಯಿಂದ ಕೈಗೆ ಸಾಗಬೇಕು. ಬಾಗಿಲ ಬಳಿಯ ಮೊದಲ ಜಾಗದವರು ಬುಡದ ಎಲೆ ಕಿತ್ತು ಮುಂದೆ ಕೊಡುತ್ತಾರೆ, ಮುಂದಿನವರು ಅದರ ಮೇಲಿನದನ್ನು, ಹಾಗೇ ತುದಿಯ ತನಕ. ಬುಡದೆಲೆ ನೆಲಕ್ಕೆ ತಾಗಿಕೊಂಡೇ ಬೆಳೆದದ್ದು. ಮಳೆಗೆ ಸಿಡಿದ ಮಣ್ಣು ಮೆತ್ತಿ, ತೂತು ಬಿದ್ದು, ಜಾಳಾಗಿರುತ್ತದೆ. ಮಣ್ಣೆಲೆ ಎನ್ನುತ್ತಿದ್ದೆವು. ಕಿತ್ತರೆ ಧೂಳು ನೇರ ಮೂಗಿಗೆ. ಆ ಜಾಗ ಯಾವಾಗಲೂ ನನ್ನದು. ಕಿಟಕಿಯ ಬೆಳಕಿಗೆ, ಒಲೆಯ ಪಕ್ಕಕ್ಕೆ, ದಂಟಿನ ಮೇಲ್ಭಾಗದ ಕೆಂಪೆಲೆಯ ಮುಂದೆ ನೀನು. ಅದೂ ಅರ್ಧ ದಿನ. ಆಮೇಲೆ ಹೊಟ್ಟೆನೋವು.

ಕೆಂಪೆಲೆ ಮಾರುವುದಕ್ಕಿತ್ತು. ನನ್ನ ಕಾಲ ಬುಡದ ರಾಶಿಯನ್ನು ಯಾರೂ ಕೇಳುತ್ತಿರಲಿಲ್ಲ. ಅದೇ ಅಂಗಡಿಗೆ ಬರುತ್ತಿತ್ತು. ಅದೇ 'ನಮ್ಮ ಸೊಪ್ಪು'.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಮಣ್ಣೆಲೆಯ ಮಣ್ಣನ್ನು ಬ್ರಷ್ಷಿನಿಂದ ಒಂದೊಂದಾಗಿ ಜಾಡಿಸಿ, ಎರಡು ಚಳಿಗಾಲ ಪೀಪಾಯಿಯಲ್ಲಿಟ್ಟರೆ, ಅದರ ಗುಣವೇ ಬೇರೆ. ಗಂಟಲಿಗೆ ಹೊಡೆಯುವುದಿಲ್ಲ. ಹುರಿದ ಅಕ್ರೋಟಿನ ರುಚಿ ಮೊದಲು, ನಡುವೆ ಸಿಹಿ ಇಲ್ಲದ ಕೋಕೋ, ಕೊನೆಗೆ ಸೀದ ಬ್ರೆಡ್ಡಿನ ಅಂಚು. ತನ್ನದೆಂಬ ಸಿಹಿ ಬರ್ಲಿಗೆ ಇಲ್ಲವೇ ಇಲ್ಲ. ಏನು ಕೊಟ್ಟರೂ ಕುಡಿಯುತ್ತದೆ, ಆದರೆ ಕುಡಿದು ಸುಮ್ಮನಿರುತ್ತದೆ, ಎದ್ದು ಕುಣಿಯುವುದಿಲ್ಲ. ತಣ್ಣಗೆ ಉರಿದು ಬಿಳಿ ಬೂದಿಯಾಗುತ್ತದೆ. ಬೆಳಗ್ಗೆ ಕಾಫಿಯ ಜೊತೆ ಹಚ್ಚಿದವನು ಮಧ್ಯಾಹ್ನ ಬೇರೆಯದು ಹುಡುಕುವುದಿಲ್ಲ. ನೀವು ಕೆಂಪೆಲೆ ಹಾಕಿದಿರಿ, ಅದು ಉರಿಯಿತು. ಉರಿ ಮುಚ್ಚಲು ಸಕ್ಕರೆ ಪಾಕ ಸುರಿದಿರಿ, ಅದು ನಾಲಿಗೆ ಸುಟ್ಟಿತು. ಪಾಕ ಮುಚ್ಚಲು ವೆನಿಲ್ಲಾ. ಒಂದು ಸುಳ್ಳು ಮುಚ್ಚಲು ಇನ್ನೊಂದು.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ೧೯೧೮ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಅಪ್ಪ ಬದುಕಿದ, ಅವನ ಮೂಗು ಸತ್ತಿತು. ನಿನಗಾಗ ಹದಿಮೂರು, ನನಗೆ ಹತ್ತೊಂಬತ್ತು. ಹಂದಿಮಾಂಸ ಸೀದರೂ ಅವನಿಗೆ ತಿಳಿಯುತ್ತಿರಲಿಲ್ಲ. ಪೈಪು ಸೇದುತ್ತಿದ್ದದ್ದು ಬಿಸಿಗೆ ಮಾತ್ರ. ಒಂದು ಬೆಳಗ್ಗೆ ಬಿಡಿಸುವ ಕೋಣೆಯ ಬಾಗಿಲು ಹಾಕಿಕೊಂಡು, ಮೆಕ್ಕೆಜೋಳದ ದಿಂಡಿನ ಪೈಪು ನನ್ನ ಕೈಗಿಟ್ಟ. "ಎಳಿ. ಹೇಗಿದೆ ಹೇಳು. ಆಚೆ ಮಾತ್ರ ಉಸಿರು ಬಿಡಬೇಡ, ಮಗಳೇ" ಎಂದ. ಸೊಪ್ಪು ಮಾರುವವನಿಗೆ ಮೂಗಿಲ್ಲವೆಂದರೆ ಅಂಗಡಿ ಮುಚ್ಚಿದ ಹಾಗೇ. ಮದುವೆಯಾಗದ ಹುಡುಗಿ ಪೈಪು ಸೇದುತ್ತಾಳೆಂದರೆ ಚರ್ಚಿನ ಹೆಂಗಸರು ನೀರು ಕೊಡುತ್ತಿರಲಿಲ್ಲ. ಇಬ್ಬರ ಗುಟ್ಟೂ ಒಂದೇ ಕೋಣೆಯಲ್ಲಿತ್ತು. ಮೂವತ್ತೆರಡು ವರ್ಷ, ಪ್ರತಿ ಪೀಪಾಯಿಗೂ, "ಇವತ್ತು ಹೇಗಿದೆ?" ಎಂದು ಅವನು ಕೇಳುತ್ತಿದ್ದ. "ಅಕ್ರೋಟು ಕಮ್ಮಿ, ಇನ್ನೊಂದು ತಿಂಗಳು ಬಿಡಬೇಕು" ಎಂದು ನಾನು ಹೇಳುತ್ತಿದ್ದೆ. ಅವನು ಹೊರಗೆ ಹೋಗಿ ಅದನ್ನೇ ತನ್ನ ಮಾತಿನ ಹಾಗೆ ಗಿರಾಕಿಗಳಿಗೆ ಹೇಳುತ್ತಿದ್ದ. ಕ್ಲೆಲ್ ಎಂಬ ಹುಡುಗ ನನ್ನನ್ನು ಕೇಳಿಕೊಂಡು ಬಂದು, ಬಾಯಿಯ ವಾಸನೆಗೆ ಹಿಂದೆ ಸರಿದು, ಮತ್ತೆ ಬರಲಿಲ್ಲ. ಅದಕ್ಕೆ ನಾನು ಅತ್ತದ್ದು ಒಂದೇ ದಿನ. ಕೆಲಸ ನನಗೆ ಅಷ್ಟು ಇಷ್ಟವಾಗಿತ್ತು.

ಈಗ ನಿನಗೆ ಎಲ್ಲ ಗೊತ್ತಾಯಿತು. ಬಚ್ಚಿಟ್ಟದ್ದು ಏನೂ ಉಳಿದಿಲ್ಲ. ನಾಳೆಯೇ ಕ್ರೆಸ್‌ವೆಲ್ ಮುಂದೆ ನಿಂತು ಹೇಳು: 'ಸ್ವಾಮಿ, ನಮ್ಮಪ್ಪನ ಚಿತ್ರ ಹಾಕಿ ನೀವು ಮಾರುತ್ತಿರುವ ಹೆಸರು ನೆಲದ ಕಸದಿಂದ ಹುಟ್ಟಿದ್ದು. ನಾನು ಸುಳ್ಳು ಬರೆಸಿದೆ. ರುಚಿ ನೋಡುತ್ತಿದ್ದವಳು ನನ್ನಕ್ಕ.' ಅಷ್ಟು ಹೇಳಿದರೆ ನಿನ್ನ ಕುರ್ಚಿ ಉಳಿಯುತ್ತದೆ. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ನೀನು ಹೇಳುವುದಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನ್ನ ನಾಲಿಗೆ ಎಷ್ಟು ದೂರ ಚಾಚುತ್ತದೆಂದು ನನಗೆ ಗೊತ್ತು. ಅದಕ್ಕೇ ಇಷ್ಟು ಧಾರಾಳವಾಗಿ ಬರೆದಿದ್ದೇನೆ.

ಪ್ರತಿ ಕ್ರಿಸ್‌ಮಸ್ಸಿಗೆ ಕಳಿಸುತ್ತಿದ್ದ ಬ್ಲ್ಯಾಕ್‌ಬೆರಿ ಜಾಮಿನ ಕೇಕು ಈ ಸಲ ಇಲ್ಲ. ಮಾಡಿದೆ, ಜೂಬಲ್‌ಗೆ ಕೊಟ್ಟೆ. ಅಮ್ಮನ ಕೌದಿ ಪೆಟ್ಟಿಗೆಯ ಮುಚ್ಚಳಕ್ಕೆ ಬಡಗಿ ಹೊಸ ಹಲಗೆ ಹೊಡೆದಿದ್ದಾನೆ, ಬಣ್ಣ ಕೂಡುವುದಿಲ್ಲ. ರೋವೀನಾಳ ಮಂಡಿನೋವು ಕಡಿಮೆಯಾಗಲಿ, ಅವಳ ಮೇಲೆ ನನಗೆ ಏನೂ ಇಲ್ಲ. ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ, ಆ ಡಬ್ಬಿಯಲ್ಲಿರುವುದನ್ನೇ ದಿನವೂ ಸೇದುವ ಹಾಗೆ.

ನಿನ್ನ ಅಕ್ಕ,
ಲಿಯೋಟಾ ಗಾಲ್‌ಬ್ರೆತ್

ಮರೆತು ಬಿಟ್ಟದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು: ಅಪ್ಪನ ಕೊನೆಯ ಮಧ್ಯಾಹ್ನ ಅವನ ಹಾಸಿಗೆಯ ಬಳಿ ಪಾದ್ರಿ, ನೀನು, ನಾನು, ಮೂವರೇ ಇದ್ದೆವು. ಪಾದ್ರಿ ತಮಾಷೆಗೆ ಅಪ್ಪನನ್ನು ಹೆಸರು ಹಿಡಿದು ಕೇಳಿದ, "ಏಸಾ, ನಿಮ್ಮ ಸೊಪ್ಪಿನ ಗುಟ್ಟು ಯಾರ ಹತ್ರ ಬಿಟ್ಟು ಹೋಗ್ತಿದೀರಪ್ಪಾ?" ಅಪ್ಪ ನಿನ್ನ ತೋಳು ಹಿಡಿದ. "ನಂದು, ನನ್ನ ಮಗಂದು. ಇಬ್ಬರದೇ ಕೈಗುಣ ಅದು" ಎಂದ. ಡಬ್ಬಿಯ ಮೇಲಿನ ಸಾಲು ನೀನು ಕಟ್ಟಿದ್ದಲ್ಲ, ನನಗೆ ಗೊತ್ತು. ಆಗ ಅವನ ತಲೆ ನನ್ನ ಅಂಗೈಯಲ್ಲಿತ್ತು, ಚಮಚದಲ್ಲಿ ನೀರು ಕೊಡುತ್ತಿದ್ದೆ. ಹಾಗೆ ಹೇಳುವಾಗ ಅವನು ಒಂದು ಸಲ ನನ್ನ ಕಣ್ಣು ನೋಡಿದ. ಬುದ್ಧಿ ನೆಟ್ಟಗಿತ್ತು, ತಿಳಿದೇ ಹೇಳಿದ. ನಾನು ಅವನ ಬಾಯಿ ಒರೆಸಿದೆ. ಆರು ವರ್ಷದಿಂದ ಅವನಾಡಿದ ಮಾತಿಗೆ ನಿನ್ನನ್ನು ಬೈಯುತ್ತಿದ್ದೇನೆ. ಹಾಗೆಂದು ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಈ ಪತ್ರವನ್ನು ಬರೆಯಬೇಕಾಗಿದ್ದದ್ದು ಅವನಿಗೆ. ನನ್ನ ಹತ್ತಿರ ನಿನ್ನ ವಿಳಾಸ ಮಾತ್ರ ಇದೆ.