ಬಿಜಾಪುರದ ತಟ್ಟೆ

ಕಾಮೋಠೆ, ಮಾರ್ಚ್ 2008

ಕಾಕಿ, ಸಲಾಮ್.

ಕಾಕಾ ಬದುಕಿದ್ದಾನೆ, ಮೊದಲು ಅದನ್ನು ತಿಳಿದುಕೋ. ಗುಡಿಸಲು ಮಾತ್ರ ಉಳಿದಿಲ್ಲ. ಇಲ್ಲಿನ ಬಿಲ್ಡಿಂಗುಗಳನ್ನು ಎತ್ತಿ ನಿಲ್ಲಿಸಿದವರ ಮನೆಗಳ ಮೇಲೆಯೇ ಬುಲ್ಡೋಜರ್ ಹರಿಸಿದ್ದಾರೆ.

ಸೂರ್ಯನ ಎತ್ತರ ಅಳೆದು ಅಜ್ಜ ನಮಾಜಿನ ಹೊತ್ತು ಹೇಳುತ್ತಿದ್ದ ಹಿತ್ತಾಳೆಯ ಉಸ್ತುರಲಾಬು ಕೆಡವಿದ ಗುಡಿಸಲಿನ ಮಣ್ಣಿನಲ್ಲಿ ಸಿಕ್ಕಿತು. ನೀನು ಅದನ್ನು ಬಿಚ್ಚಿ ನೋಡಿರಲಿಕ್ಕಿಲ್ಲ. ಒಳಗೆ ಊರಿಗೊಂದು ತಟ್ಟೆ ಇರುತ್ತದೆ, ಒಂದೂರಿನದು ಇನ್ನೊಂದೂರಿಗೆ ಆಗುವುದಿಲ್ಲ. ಮಕ್ಕಾದ ತಟ್ಟೆ ಇದೆ, ದಿಲ್ಲಿಯದೂ ಇದೆ. ಬಿಜಾಪುರದ್ದು ಇಲ್ಲ. ಅವತ್ತಿನಿಂದ ಕಾಕಾ ಬರಿಗೈಯಲ್ಲಿ ಮಣ್ಣು ಕೆದಕಿ ಅದನ್ನೇ ಹುಡುಕುತ್ತಿದ್ದಾನೆ.

"ಮೊಬೈಲಿನ್ಯಾಗ ಟೈಮ್ ಐತಲ್ಲೋ ಮುದುಕಾ" ಎಂದಳು ಪಕ್ಕದ ಗುಡಿಸಲಿನ ಮಾನಮ್ಮ, ರಾಯಚೂರಿನವಳು.

"ಅದು ಎಲ್ಲಾ ಊರಿಗೂ ಒಂದ ಹೊತ್ತು ಹೇಳ್ತೈತೆವ್ವಾ. ನಮ್ಮೂರ ಹೊತ್ತು ಬ್ಯಾರೆ."

"ಊರಿಗೆ ನಡಿ ಕಾಕಾ, ಕಾಕಿ ದಾರಿ ಕಾಯಾಕತ್ಯಾಳ" ಎಂದೆ.

"ಅಪ್ಪ ಕೊಟ್ಟಿದ್ದು ಕಳಕೊಂಡು ಯಾವ ಮಾರಿ ತೋರಸ್ಲೋ? ಮಂದಿ ಮನಿ ಎಷ್ಟ್ ಕಟ್ಟೀನಿ, ನಂದೊಂದು ತಟ್ಟಿ ಉಳಿಸ್ಕೊಳ್ಳಾಕ ಆಗಲಿಲ್ಲ. ಅದು ಸಿಗೂತನಕ ಬರಂಗಿಲ್ಲ." ಹೇಳುತ್ತಲೇ ಅತ್ತುಬಿಟ್ಟ.

ತಗಡು ತಾಗಿ ಕಾಲಿಗೆ ಗಾಯವಾಗಿದೆ. ಇಂಜೆಕ್ಷನ್ ಹಾಕಿಸಿದ್ದೇನೆ, ಜ್ವರವಿಲ್ಲ. ರೊಟ್ಟಿ ತಿನ್ನುತ್ತಿದ್ದಾನೆ.

ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ನಾಳೆ ಲಾರಿಗಳು ಬಂದು ಈ ಮಣ್ಣನ್ನೆಲ್ಲ ತುಂಬಿಕೊಂಡು ಹೋಗಿ ಎಲ್ಲೋ ತಗ್ಗಿಗೆ ಸುರಿಯುತ್ತವಂತೆ. ಅದನ್ನು ಕಾಕಾನಿಗೆ ಹೇಳುವ ಧೈರ್ಯ ನನಗಿಲ್ಲ. ನಾನೂ ಅವನ ಪಕ್ಕ ಕೂತು ಕೆದಕುತ್ತಿದ್ದೇನೆ.

ನಿನ್ನ ಲಾಲಸಾಬ