ಲೆನ್ಸಿನ ಎಡಕ್ಕೆ

ಜೂನ್ 3, ಸಂಜೆ

ಇವತ್ತು ಸ್ಟುಡಿಯೋದಲ್ಲಿ ಏಳು ಫೋಟೋ ಸಿಟ್ಟಿಂಗ್. ಕೊನೆಯವರು ವಕೀಲರು. ಸ್ಟೂಲಿನ ಮೇಲೆ ಕೂತದ್ದೇ ಶಿಕ್ಷೆ ಕೇಳಿಸಿಕೊಳ್ಳುವವರ ಹಾಗೆ. "ಭುಜ ಸ್ವಲ್ಪ ಸಡಿಲ ಬಿಡಿ ಸಾರ್" ಎಂದೆ. ಇನ್ನೂ ಬಿಗಿಯಾದರು. ತಂಗಿ ಬಂದು ನನ್ನ ಎಡಕ್ಕೆ ನಿಂತಳು. "ಸಾರ್, ಈಗ ಬರೀ ಲೈಟ್ ನೋಡ್ತಿದ್ದೀವಿ. ನಮ್ಮಕ್ಕನಿಗೆ ನಿಮಗಿಂತ ಜಾಸ್ತಿ ಭಯ, ಅದಕ್ಕೇ ಕ್ಯಾಮೆರಾ ಹಿಂದೆ ಬಚ್ಚಿಟ್ಕೊಂಡಿದ್ದಾಳೆ." ವಕೀಲರು ಹೊಟ್ಟೆ ಹಿಡಿದು ನಕ್ಕರು. ಬಟನ್ ಒತ್ತಿದೆ. ಚಂದ ಬಂತು. ಹೋಗುವಾಗ ಥ್ಯಾಂಕ್ಸ್ ಹೇಳಿದ್ದು ಅವಳಿಗೆ.

ಸ್ಟುಡಿಯೋಗೆ ಅವಳು ಬಂದು ಎರಡು ತಿಂಗಳು. ನಾನು ಬಂದು ಹತ್ತೊಂಬತ್ತು ವರ್ಷ. ಹೊಟ್ಟೆ ಉರಿಯುತ್ತಿದೆ. ಬರೆದೇಬಿಟ್ಟೆ.

ಜೂನ್ 9

ಆಲ್ಬಮ್‌ಗೆ ಈ ಎರಡು ತಿಂಗಳ ಫೋಟೋ ಆರಿಸುತ್ತಿದ್ದೆ. ನಗುವ ಮುಖ ಒಂದೂ ಲೆನ್ಸ್ ನೋಡುತ್ತಿಲ್ಲ. ಎಲ್ಲರ ಕಣ್ಣೂ ಒಂದಿಷ್ಟು ಎಡಕ್ಕೆ, ಅವಳು ನಿಲ್ಲುವ ಜಾಗಕ್ಕೆ! ನೇರ ನನ್ನ ಕಡೆ ನೋಡುತ್ತಿರುವವರೆಲ್ಲ ಮುಖ ಗಂಟು ಹಾಕಿಕೊಂಡವರೇ. ಫೋಟೋ ಒಯ್ಯುವವರಿಗೆ ಇದು ಗೊತ್ತಾಗುವುದಿಲ್ಲ. ನನಗೆ ಗೊತ್ತಾಯಿತಲ್ಲ.

ಜೂನ್ 10

ಅಮ್ಮನ ದವಡೆ ಆಪರೇಷನ್ ಸೋಮವಾರ. ಮುಖ ಮೊದಲಿನ ಹಾಗೆ ಇರುವುದಿಲ್ಲ ಎಂದರು ಡಾಕ್ಟರ್. "ಹಾಗಾದ್ರೆ ಮುಂಚೇನೇ ಒಂದು ಫೋಟೋ ತೆಗಿ. ನಗ್ತಿರೋದು" ಎಂದಳು ಅಮ್ಮ.

ಶನಿವಾರ ಹನ್ನೊಂದಕ್ಕೆ ಸಿಟ್ಟಿಂಗ್. ತಂಗಿಗೆ ಹನ್ನೆರಡು ಎಂದು ಹೇಳಿದ್ದೇನೆ. ಇದೊಂದು ನಗುವಾದರೂ ನನ್ನದಾಗಿರಲಿ.

ಜೂನ್ 13, ಶನಿವಾರ, ಮಧ್ಯಾಹ್ನ

ಐವತ್ತೆರಡು ಶಾಟ್. ಎಲ್ಲದರಲ್ಲೂ ಪಾಸ್‌ಪೋರ್ಟ್ ಮುಖ. "ಹೀಗೆ ಗುರಾಯಿಸ್ತಿದ್ರೆ ಹೇಗೇ ನಗ್ಲಿ?" ಎಂದಳು ಅಮ್ಮ.

ಹನ್ನೆರಡಕ್ಕೆ ತಂಗಿ ಬಂದು ನಿಂತಳು, ಎಡಕ್ಕೆ. "ಏನಮ್ಮಾ, ಅಕ್ಕ ಮಗ್ಗಿ ಒಪ್ಪಿಸು ಅಂತಿದಾಳಾ?" ಅಮ್ಮ ನಕ್ಕಳು, ಸೊಟ್ಟ ಹಲ್ಲು ಕಾಣುವಷ್ಟು. ನನ್ನ ಬೆರಳು ಬಟನ್ ಮೇಲೇ ಇತ್ತು.

ಒತ್ತಲಿಲ್ಲ. "ಇಲ್ಲಿ ನೋಡಮ್ಮ, ನನ್ನ ಕಡೆ" ಎಂದೆ. ನಗು ಹೋಯಿತು. ದವಡೆ ನೋವು ಶುರುವಾಯಿತು. ಇಬ್ಬರೂ ಮನೆಗೆ ಹೊರಟರು.

ಮರೆತದ್ದಲ್ಲ. ಬೇಕೆಂದೇ ಒತ್ತಲಿಲ್ಲ ನಾನು.

ಜೂನ್ 15, ಬೆಳಿಗ್ಗೆ, ಆಸ್ಪತ್ರೆ

ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಕೈಗೆ ಕೆಲಸವಿಲ್ಲ, ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ಮನೆಯ ಕಿಟಕಿ ಹತ್ತಿರ ಅಮ್ಮನನ್ನು ಕೂರಿಸಿ, ಕ್ಯಾಮೆರಾ ತಂಗಿಯ ಕೈಗೆ ಕೊಟ್ಟೆ.

"ಅಯ್ಯೋ, ನಂಗೆ ಬರಲ್ಲಕ್ಕ!"

"ಒತ್ತು, ಅಷ್ಟೇ."

ಅವಳ ಎಡಕ್ಕೆ ನಿಂತೆ. ಅವಳ ಹಾಗೆ ಮಾತು ನನಗೆ ಬರುವುದಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಅಮ್ಮಾ, ಶನಿವಾರ ಇವಳಿಗೆ ಸುಳ್ಳು ಟೈಮ್ ಹೇಳಿದ್ದೆ. ಹೊಟ್ಟೆಕಿಚ್ಚಿಗೆ."

"ಗೊತ್ತು ಬಿಡೇ. ಇವಳು ಹುಟ್ಟಿದ ದಿನದಿಂದ ಗೊತ್ತು" ಎಂದು ಅಮ್ಮ ನಕ್ಕಳು. ತಂಗಿಗೂ ನಗು ಬಂತು, ಕೈ ಅಲುಗಿತು. ಒತ್ತಿದಳು.

ಕ್ಯಾಮೆರಾದಲ್ಲಿ ಆ ಫೋಟೋ ಮತ್ತೆ ಮತ್ತೆ ನೋಡುತ್ತಿದ್ದೇನೆ. ಫೋಕಸ್ ತಪ್ಪಿದೆ. ಬೆಳಕು ಜಾಸ್ತಿ. ಅಮ್ಮನ ಕಣ್ಣು ಲೆನ್ಸ್ ನೋಡುತ್ತಿಲ್ಲ. ಒಂದಿಷ್ಟು ಎಡಕ್ಕೆ... ನರ್ಸ್ ಬಂದರು —