ಮುರಿಸಬಾರದ ನೋಟು

ದುರ್ಗದಬೈಲು, ಹುಬ್ಬಳ್ಳಿ
ತಾ. ೧೮ ಫೆಬ್ರುವರಿ ೧೯೪೬

ಪ್ರೀತಿಯ ಯಜಮಾನರಿಗೆ ನಿಮ್ಮ ಸತ್ಯವ್ವನ ಶರಣು.

ಮೊದಲು ನಿಮ್ಮ ಕಣ್ಣಿನ ವಿಷಯ ಬರೆಯಿರಿ. ಆ ಬಸರಾ ಊರಿನ ಮರಳುಗಾಳಿಗೆ ಕೆಂಪಾದ ಕಣ್ಣು ತಿಳಿಯಾಯಿತೇ? ಮಿಲಿಟರಿ ಡಾಕ್ಟರು ಕೊಟ್ಟ ಹನಿ ಔಷಧವನ್ನು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳುತ್ತೀರೋ, ಇಲ್ಲವೇ ಇಲ್ಲಿದ್ದಾಗಿನಂತೆ ಬಾಟಲಿಯನ್ನು ಗೂಡಿನಲ್ಲಿಟ್ಟು, ಅದರ ಮುಖ ನೋಡಿದರೇ ಬೇನೆ ಹೋಗುತ್ತದೆಂದು ಕುಳಿತಿದ್ದೀರೋ? ಇದ್ದ ವಸ್ತುವನ್ನು ಬಳಸದೆ ನೋಡುತ್ತ ಕೂಡುವುದು ನಿಮ್ಮ ಮನೆತನದ ಚಾಳಿ. ಸಿಟ್ಟಾಗಬೇಡಿ, ಈ ಪತ್ರ ಮುಗಿಯುವುದರೊಳಗೆ ನೀವೇ ಒಪ್ಪುತ್ತೀರಿ. ಯುದ್ಧ ಮುಗಿದರೂ ಮಿಲಿಟರಿ ವರ್ಕಶಾಪಿನಿಂದ ನಿಮ್ಮನ್ನು ಬಿಡಲಿಲ್ಲವಲ್ಲ ಎಂದು ದಿನಾ ಬೆಳಿಗ್ಗೆ ಸರಕಾರವನ್ನು ಬೈಯುತ್ತೇನೆ. ಇತ್ತೀಚೆಗೆ ಮಾತ್ರ ಸರಕಾರಕ್ಕಿಂತ ನಿಮ್ಮ ಅಣ್ಣನವರ ಪಾಲಿಗೇ ಹೆಚ್ಚು ಬೈಗಳು ಹೋಗುತ್ತಿವೆ.

ನಾನು ಆರಾಮ ಇದ್ದೇನೆ. ನಿಮ್ಮ ಅತ್ತಿಗೆ ಅಕ್ಕವ್ವನವರ ಕೆಮ್ಮು ಕಡಿಮೆಯಾಗಿದೆ. ಜೋಳ ಇನ್ನೂ ರೇಶನ್ನಿನದೇ, ಅದರಲ್ಲಿ ಅರ್ಧ ಹರಳು. ಮನೆಯಲ್ಲಿ ಮಲಗಿದವರು ನಿಮ್ಮ ಅಣ್ಣ ಗುರುಶಿದ್ದಪ್ಪನವರು ಒಬ್ಬರೇ. ತಲೆಗೆ ವಸ್ತ್ರ ಬಿಗಿದುಕೊಂಡು ಗೋಡೆಗೆ ಮುಖ ಮಾಡಿದ್ದಾರೆ. ಜ್ವರವಿಲ್ಲ, ಹೊಟ್ಟೆನೋವಿಲ್ಲ, ಎರಡು ಹೊತ್ತಿನ ರೊಟ್ಟಿ ಸರಿಯಾಗಿಯೇ ಇಳಿಯುತ್ತದೆ. ಸರಕಾರ ಸಾವಿರದ ನೋಟನ್ನು ರದ್ದು ಮಾಡಿದೆ ನೋಡಿ, ಅದೇ ಬೇನೆ. ಅವರು ಇಟ್ಟುಕೊಂಡಿದ್ದ ಆ ಒಂದು ನೋಟು ಯಾರದೆಂದು ನಿಮಗೆ ಗೊತ್ತಿದೆ. ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತೇನೆ, ನೀವು ಮಾಡಿದ್ದು ನಿಮಗೆ ಚೆನ್ನಾಗಿ ನೆನಪಾಗಲಿ.

ನೀವು ಹೊರಟ ದಿನ ಸ್ಟೇಶನ್ನಿನಲ್ಲಿ ನಾನು ಒಂದೇ ಮಾತು ಕೇಳಿದೆ. ಮನಿಆರ್ಡರು ನನ್ನ ಹೆಸರಿಗೆ ಬರಲಿ, ಪೋಸ್ಟಿನಲ್ಲಿ ಪುಸ್ತಕ ತೆಗೆದು ಕಟ್ಟುತ್ತ ಹೋಗುತ್ತೇನೆ, ಉಣಕಲ್ಲಿನ ರಸ್ತೆಗೆ ಒಂದು ಜಾಗ ಹಿಡಿಯೋಣ, ನೀವು ಬಂದ ಮೇಲೆ ಸ್ವಂತ ಮೋಟಾರು ರಿಪೇರಿಯ ಶೆಡ್ಡು ಹಾಕಬಹುದು ಎಂದೆ. ನೀವು ನಕ್ಕಿರಿ. "ಹೆಂಗಸರ ಕೈಯಾಗ ರೊಕ್ಕ ನಿಲ್ಲಂಗಿಲ್ಲ ಸತ್ತೆವ್ವ, ಅಣ್ಣಗ ವ್ಯವಹಾರ ಗೊತ್ತೈತಿ" ಅಂದಿರಿ. ಮುಗದದ ಸಾಲೆಯ ಮಾಸ್ತರರ ಮಗಳು ನಾನು, ಮುಲ್ಕಿ ಪರೀಕ್ಷೆ ಪಾಸಾದವಳು, ಚಕ್ರಬಡ್ಡಿಯ ಲೆಕ್ಕವನ್ನು ಬೆರಳ ಮೇಲೆ ಮಾಡುತ್ತೇನೆ. ಕಾಳಿನ ಪೇಟೆಯಲ್ಲಿ ದಲಾಲಿ ಮಾಡಿ ಪ್ರತಿ ಯುಗಾದಿಗೆ ಕಿರಾಣಿ ಅಂಗಡಿಯವನಿಗೆ ಬಾಕಿ ನಿಲ್ಲುವ ನಿಮ್ಮ ಅಣ್ಣನಿಗೆ ವ್ಯವಹಾರ ಗೊತ್ತು! ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇನ್ನೂ ಇದೆ. ಬರೆದುಬಿಟ್ಟೆ, ಹಗುರಾಯಿತು.

ಅವರಿಗೆ ಗೊತ್ತಿದ್ದ ವ್ಯವಹಾರ ಇಷ್ಟೇ. "ಶ್ರೀಮಂತಿಕಿ ಮೊದಲ ಮನಸಿನ್ಯಾಗ ಬರಬೇಕವ್ವಾ, ಆಮ್ಯಾಲೆ ಕಿಸೇದಾಗ ಬರ್ತೈತಿ" ಎಂದು ದಿನಾ ಉಪದೇಶ. ಮನಸ್ಸಿನಲ್ಲಿ ಬಂದದ್ದು ಸುಳ್ಳಲ್ಲ. ನಡಿಗೆಯಲ್ಲಿ ಬಂತು, ಕೆಮ್ಮುವುದರಲ್ಲಿ ಬಂತು, ಜರಿಯಂಚಿನ ರುಮಾಲಾಗಿ ತಲೆಯ ಮೇಲೂ ಬಂತು. ಕಿಸೆಗೆ ಬಂದದ್ದು ಮಾತ್ರ ನಿಮ್ಮ ಪಗಾರ. ಅದನ್ನು ಅವರು ತಿಂದರು ಎಂದು ನಾನು ಹೇಳುವುದಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಬೇಕು. ಪೈಸೆ ಪೈಸೆ ಕೂಡಿಟ್ಟರು. ಸಾವಿರ ತುಂಬಿದ ದಿನ ಎಲ್ಲವನ್ನೂ ಒಯ್ದು ಒಂದೇ ಒಂದು ಸಾವಿರದ ನೋಟು ಮಾಡಿಸಿಕೊಂಡು ಬಂದರು. ಸಣ್ಣ ನೋಟಿಗೆ ಕಾಲಿರುತ್ತವಂತೆ, ಓಡಿಹೋಗುತ್ತವಂತೆ. ದೊಡ್ಡ ನೋಟು ಕೂತಲ್ಲೇ ಕೂಡುತ್ತದೆ, ಅದನ್ನು ಮುರಿಸಿದವನು ಮನೆಯ ಲಕ್ಷ್ಮಿಯನ್ನೇ ಮುರಿದ ಹಾಗೆ. ಪೋಸ್ಟಿನಲ್ಲಿ ಇಟ್ಟರೆ ಬಡ್ಡಿ ಬರುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, ಪೋಸ್ಟಿನ ಪುಸ್ತಕ ಬಡವರದು, ಸಾವಿರದ ನೋಟಿದ್ದ ಮನೆತನದವರು ಹೋಗಿ ಆ ಕಿಟಕಿಯ ಮುಂದೆ ನಿಂತರೆ ಮಂದಿ ಏನಂದಾರು ಎಂದರು. ಆ ನೋಟಿಗೆ ಗಾಜಿನ ಚೌಕಟ್ಟು ಹಾಕಿಸಿ ಜಗುಲಿಯ ಮೇಲೆ ದೇವರ ಸಾಲಿನಲ್ಲಿ ಕೂಡಿಸಿದರು. ವಿಭೂತಿ ಸಹ ಹಚ್ಚಿದರು.

ದೀಪಾವಳಿಯ ಲಕ್ಷ್ಮೀಪೂಜೆಗೆ ಪೇಟೆಯವರೆಲ್ಲ ತಮ್ಮ ತಮ್ಮ ತಿಜೋರಿ, ತಕ್ಕಡಿ ಪೂಜೆ ಮಾಡಿದರೆ ನಮ್ಮ ಮನೆಯಲ್ಲಿ ನೋಟಿನ ಪೂಜೆ. ಓಣಿಯವರನ್ನೆಲ್ಲ ಕರೆದು ಎಲೆ ಅಡಿಕೆ ಕೊಟ್ಟು ದರ್ಶನ ಮಾಡಿಸಿದರು. ಬ್ಯಾಂಕಿನ ಕಾರಕೂನ ಯಂಕಣ್ಣನವರೂ ಬಂದಿದ್ದರು. ಅವರು ದಿನಾ ಕಟ್ಟುಕಟ್ಟು ನೋಟು ಎಣಿಸುವವರು, ಆದರೂ ಹತ್ತು ಮಂದಿ ಮುಗಿದರೆಂದು ಅವರೂ ಕೈ ಮುಗಿದರು. ಇದು ಎಲ್ಲಿಂದ ಬಂತು ಎಂದು ಅವರು ಕೇಳಿದಾಗ ನಿಮ್ಮ ಅಣ್ಣನವರು ರುಮಾಲು ಸರಿಪಡಿಸಿಕೊಂಡು, "ಎಲ್ಲಾ ನನ್ನ ಬೆವರು, ಯಂಕಣ್ಣಾರ" ಅಂದರು. ನಾನು ಆರತಿ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಬಸರಾದಲ್ಲಿ ಲಾರಿಯ ಕೆಳಗೆ ಮಲಗಿ ನಟ್ಟು ಬಿಗಿಯುವ ನಿಮ್ಮ ಬೆನ್ನು ಕಣ್ಣ ಮುಂದೆ ಬಂತು. ತಟ್ಟೆ ಕೈಯಿಂದ ಜಾರಲಿಲ್ಲ, ಅದೇ ದೊಡ್ಡದು.

ಈ ದೇವರು ಪ್ರಸನ್ನನಾಗಿದ್ದರೂ ಮನೆ ನಡೆಯುತ್ತಿದ್ದದ್ದು ಉದ್ದರಿಯ ಮೇಲೆ. ಸಾವಿರ ರೂಪಾಯಿ ಗಾಜಿನೊಳಗೆ ಕೂತು ನೋಡುತ್ತಿತ್ತು, ನಾವು ಬೇಳೆ ಬೆಲ್ಲವನ್ನು ಉದ್ದರಿ ತಂದು ರೋಖು ಕೊಡುವವರಿಗಿಂತ ಹೆಚ್ಚಿನ ದರ ಕೊಡುತ್ತಿದ್ದೆವು. ಉಣಕಲ್ಲಿನ ಹುಚ್ಚಪ್ಪ ಕೆರೆಯ ಈಚೆಗೆ, ಧಾರವಾಡ ರಸ್ತೆಗೆ ಹತ್ತಿದ ತನ್ನ ಜಾಗವನ್ನು ಏಳು ನೂರಕ್ಕೆ ಕೊಡುತ್ತೇನೆಂದು ಮನೆಯವರೆಗೆ ಬಂದ. ನಾನೇ ಖಾದರಬಾಷಾ ಅವರ ಕೈಯಲ್ಲಿ ಹೇಳಿ ಕರೆಸಿದ್ದೆ. ನಿಮ್ಮ ಗೆಳೆಯ ಸೈಕಲ್ ರಿಪೇರಿ ಮಾಡುತ್ತ ಕೂತರೂ ಯಾವ ಊರಲ್ಲಿ ಯಾವ ಜಾಗ ಮಾರಾಟಕ್ಕಿದೆ ಎಂಬುದು ಅವರ ಕಿವಿಗೆ ಮೊದಲು ಬೀಳುತ್ತದೆ. ನಿಮ್ಮ ಅಣ್ಣ ಒಪ್ಪಲಿಲ್ಲ. ನೋಟು ಮುರಿಸಬೇಕಾಗುತ್ತದಲ್ಲ! ಜಾಗ ಬೇಕಾದರೆ ಸಾವಿರಕ್ಕೇ ಹೇಳು, ಇಡಿಯಾಗಿ ಕೊಡುತ್ತೇನೆ ಎಂದು ಹುಚ್ಚಪ್ಪನಿಗೇ ಹೇಳಿದರು. ಇಂಥ ಗಿರಾಕಿಯನ್ನು ಆ ಮುದುಕ ಜನ್ಮದಲ್ಲಿ ಕಂಡಿರಲಿಲ್ಲ. ಇವರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದುಕೊಂಡು ಚಹಾ ಸಹ ಕುಡಿಯದೆ ಎದ್ದುಹೋದ. ಅದೇ ಜಾಗಕ್ಕೆ ಈಗ ಒಂಬೈನೂರು ಹೇಳುತ್ತಾನೆ.

ಹೀಗಿರುವಾಗ ಸಂಕ್ರಮಣದ ಮುಂಚೆ ಸುದ್ದಿ ಬಂತು. ಐನೂರು, ಸಾವಿರ, ಹತ್ತು ಸಾವಿರದ ನೋಟು ಇನ್ನು ನಡೆಯುವುದಿಲ್ಲ, ಇದ್ದವರು ಕೆಲವೇ ದಿನಗಳಲ್ಲಿ ಬ್ಯಾಂಕಿಗೆ ಹೋಗಿ ಫಾರ್ಮು ತುಂಬಿ ಬದಲಿಸಿಕೊಳ್ಳಬೇಕು. ಯಾರ ಹಣ, ಹೇಗೆ ಬಂತು, ಇಷ್ಟು ದೊಡ್ಡ ನೋಟಿನಲ್ಲಿ ಏಕೆ ಇಟ್ಟಿರಿ ಎಂದು ಅದರಲ್ಲಿ ಬರೆಯಬೇಕು. ಕುಸುರೆಳ್ಳು ಕೊಡಲು ಬಂದ ಹೆಂಗಸರೆಲ್ಲ ಜಗುಲಿಯ ಕಡೆ ಕತ್ತು ಚಾಚಿ, ನಿಮ್ಮ ದೇವರು ಹೇಗಿದ್ದಾರೆ ಎಂದು ಕೇಳಿ ಹೋದರು. ಕಾಳಸಂತೆಯಲ್ಲಿ ಗಳಿಸಿದವರು ಹೆದರಬೇಕು, ನಮಗೇನು? ಬೆವರಿನ ಹಣ. ನಾನು ಅಕ್ಕವ್ವನವರ ಎದುರಿಗೇ ಹೇಳಿದೆ, ಭಾವನವರೇ, ನಿಮ್ಮ ತಮ್ಮನ ಪಗಾರ ಎಂದು ಬರೆದು ಕೊಟ್ಟರೆ ಪೂರಾ ಸಾವಿರ ಕೈಗೆ ಬರುತ್ತದೆ. ಅವರು ಜಗುಲಿಯ ಕಡೆ ನೋಡಿ ಅಂದರು: "ಕಿಟಕ್ಯಾಗ ಯಂಕಣ್ಣ ಕುಂತಿರ್ತಾನವ್ವಾ. ತಮ್ಮನ ಹೆಸರು ಬರದ್ರ ಅವನ ಮುಂದ ನನ್ನ ಮಾರಿ ಹೆಂಗ ತೋರಿಸ್ಲಿ?"

ನೋಡಿದಿರಾ? ನಿಮ್ಮ ಮೂರು ವರ್ಷದ ದುಡಿಮೆಗಿಂತ ಯಂಕಣ್ಣನವರ ಮುಂದಿನ ಆ ಮುಖ ದೊಡ್ಡದಾಯಿತು. ಆ ಮುಖಕ್ಕೆ ಪೇಟೆಯಲ್ಲಿ ಯಾರೂ ಒಂದು ಸೇರು ತೊಗರಿಯನ್ನೂ ಉದ್ದರಿ ಕೊಡುವುದಿಲ್ಲ ಈಗ. ತಾನೇ ಗಳಿಸಿದ್ದು ಎಂದು ಬರೆಯೋಣವೆಂದರೆ ತೆರಿಗೆಯವರು ಮನೆಗೆ ಬಂದಾರೆಂಬ ಭಯ. ಹೀಗೆ ಎರಡೂ ಕಡೆ ಸಿಕ್ಕಿಬಿದ್ದು, ಗಡುವು ಹತ್ತಿರ ಬಂದಾಗ ಖಾದರಬಾಷಾ ಅವರ ಮೂಲಕ ನೋಟನ್ನು ಯಾರೋ ಗದಗಿನ ಸಾಹುಕಾರನಿಗೆ ಆರು ನೂರಕ್ಕೆ ಮಾರಿಬಿಟ್ಟರು. ಅದರಲ್ಲೂ ಅವರಿಗೊಂದು ಹೆಮ್ಮೆ: ಕೊಂಡವನು ಸಾಹುಕಾರ, ಸಣ್ಣ ಮನುಷ್ಯನಲ್ಲ! ಹಳದಿ ನೂಲಿನಿಂದ ಕಟ್ಟಿದ ಹತ್ತರ ನೋಟಿನ ಕಂತೆಯನ್ನು ತಂದು ನನ್ನ ಉಡಿಯಲ್ಲಿ ಒಗೆದರು. "ತೊಗೋ, ಚಿಲ್ಲರ ನನ್ನ ಕೈಯಾಗ ನಿಲ್ಲಂಗಿಲ್ಲ" ಎಂದು ಹೇಳಿ ವಸ್ತ್ರ ಬಿಗಿದುಕೊಂಡು ಮಲಗಿದವರು ಇನ್ನೂ ಎದ್ದಿಲ್ಲ. ಅಕ್ಕವ್ವನವರು ಪಾಪ, ಅಭ್ಯಾಸಬಲದಿಂದ ಖಾಲಿ ಚೌಕಟ್ಟಿಗೆ ಈಗಲೂ ದಿನಾ ಹೂವು ಏರಿಸುತ್ತಾರೆ.

ಇಷ್ಟು ಓದಿ ನೀವು ತಲೆಗೆ ಕೈ ಹಚ್ಚಿಕೊಂಡು ಕೂತಿರುತ್ತೀರಿ. ಕೂಡಿರಿ ಸ್ವಲ್ಪ ಹೊತ್ತು, ನಾನು ಮೂರು ವರ್ಷ ಹಾಗೇ ಕೂತಿದ್ದೆ. ನಿಮ್ಮ ಅಣ್ಣ ಮೂರ್ಖ ಎಂದು ಬರೆಯಲು ನನಗೆ ಸಂಕೋಚವಿಲ್ಲ, ಆದರೆ ಅವರ ಕೈಗೆ ಹಣ ಕೊಟ್ಟವರು ಯಾರು? ಪ್ರತಿ ಮನಿಆರ್ಡರಿನ ಕೂಪನ್ನಿನಲ್ಲಿ ಅಣ್ಣನ ಯೋಗಕ್ಷೇಮ, ಅಣ್ಣನ ವ್ಯವಹಾರ, ಅಣ್ಣನ ಸಲಹೆ. ಕೊನೆಗೆ ಜಾಗ ಉಳಿದರೆ "ಸತ್ಯವ್ವನಿಗೂ ತಿಳಿಸುವುದು" ಎಂದು ಅರ್ಧ ಸಾಲು. ನಿಮ್ಮ ಅಣ್ಣ ಹಣ ಎಣಿಸಿಕೊಂಡು ಕೂಪನ್ನು ಒಗೆದುಬಿಡುತ್ತಿದ್ದರು. ಆ ಅರ್ಧ ಸಾಲಿಗಾಗಿ ನಾನು ಒಂದೊಂದನ್ನೂ ಆರಿಸಿಕೊಂಡು ಕುಪ್ಪಸ ಹೊಲಿಯುವ ಮಶೀನಿನ ಖಾನೆಯಲ್ಲಿ ಇಟ್ಟಿದ್ದೇನೆ. ನಗುತ್ತೀರೇನೋ, ನಗಿರಿ.

ನಿಮ್ಮ ಅಣ್ಣನವರ ಆಶೀರ್ವಾದ ಬರೆಯಲೇ ಎಂದು ಕೇಳಿದೆ, ಗೋಡೆಯ ಕಡೆಯಿಂದಲೇ ಹೂಂ ಅಂದರು. ಅಕ್ಕವ್ವನವರು ನಿಮ್ಮನ್ನು ಬಹಳ ನೆನೆಸುತ್ತಾರೆ. ಖಾದರಬಾಷಾ ಅವರು ಸಲಾಮು ಹೇಳಿದ್ದಾರೆ, ನಟ್ಟು ಬಿಗಿಯುವ ನಿಮ್ಮ ಪಾನಾದ ಡಬ್ಬಿಗೆ ಎಣ್ಣೆ ಹಚ್ಚಿ ಇಟ್ಟಿದ್ದಾರಂತೆ. ಕಣ್ಣಿಗೆ ಔಷಧ ಹಾಕಿಕೊಳ್ಳಿ, ಬಾಟಲಿಯನ್ನು ನೋಡುತ್ತ ಕೂಡಬೇಡಿ.

ನಿಮ್ಮ ದಾರಿ ಕಾಯುವ,
ಸತ್ಯವ್ವ

ತಾ. ಕ.: ಹಾಳೆ ಮುಗಿಯಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ, ತಿರುಗಿಸಿ ಓದಿ. ಟಪಾಲಿನವನು ಹೊರಡುವ ಹೊತ್ತಾಯಿತು. ಗದಗಿನಲ್ಲಿ ಅಂಥ ಸಾಹುಕಾರ ಯಾರೂ ಇಲ್ಲ. ನೋಟು ಕೊಂಡವಳು ನಾನು. ಕುಪ್ಪಸ ಹೊಲಿದು ಪೋಸ್ಟಿನಲ್ಲಿ ಕಟ್ಟಿದ್ದು ಇತ್ತು, ಕಡಿಮೆ ಬಿದ್ದದ್ದಕ್ಕೆ ಕೈಯ ಬಂಗಾರದ ಪಾಟಲಿ ಒತ್ತೆ ಇಟ್ಟು ಖಾದರಬಾಷಾ ಅವರ ಕೈಯಲ್ಲಿ ಆರು ನೂರು ಕಳಿಸಿದೆ. ಹಳದಿ ನೂಲು ನನ್ನ ಮಶೀನಿನದು. ನಿಮ್ಮ ಅಣ್ಣ ಗಂಟು ಬಿಚ್ಚಿ ಎಣಿಸಲೂ ಇಲ್ಲ, ನನ್ನ ಹಣ ನನ್ನ ಉಡಿಗೇ ಬಂತು. ಪಾಟಲಿ ಬಿಡಿಸಿಕೊಂಡೆ. ನೋಟನ್ನು ನಾನೇ ಬ್ಯಾಂಕಿಗೆ ಒಯ್ದು, ಬಸರಾದಲ್ಲಿರುವ ನನ್ನ ಗಂಡ ಶಿದ್ದಪ್ಪನ ಪಗಾರ, ಅಣ್ಣನಲ್ಲಿ ಇಟ್ಟಿದ್ದು ಎಂದು ಇದ್ದದ್ದನ್ನೇ ಬರೆದು, ನಿಮ್ಮ ಕೂಪನ್ನುಗಳನ್ನೆಲ್ಲ ಮುಂದಿಟ್ಟೆ. ಯಂಕಣ್ಣನವರು ಓದಿ ಕನ್ನಡಕ ತೆಗೆದು, "ಹಂಗಾದ್ರ ದೀಪಾವಳ್ಯಾಗ ನಾವು ಕೈ ಮುಗದದ್ದು ಶಿದ್ದಪ್ಪನ ಪಗಾರಕ್ಕೇನವ್ವಾ?" ಅಂದರು. ಪೂರಾ ಸಾವಿರ ಕೊಟ್ಟರು. ಅವರ ಬಾಯಿ ನಿಮಗೆ ಗೊತ್ತು. ನಿಮ್ಮ ಅಣ್ಣ ಎದ್ದು ಪೇಟೆಗೆ ಹೋದ ದಿನ ಅವರಿಗೂ ಗೊತ್ತಾಗುತ್ತದೆ. ನಾನು ಹೇಳುವುದಿಲ್ಲ. ಹೆಂಗಸರ ಕೈಯಲ್ಲಿ ಹಣ ನಿಲ್ಲುವುದಿಲ್ಲ ಎಂದಿದ್ದಿರಿ. ನಿಲ್ಲಲಿಲ್ಲ. ಹೋದ ಸೋಮವಾರ ಹುಚ್ಚಪ್ಪನಿಗೆ ಕೊಟ್ಟು ಉಣಕಲ್ಲಿನ ಜಾಗ ಬರೆಯಿಸಿಕೊಂಡೆ, ನನ್ನ ಹೆಸರಿಗೆ. ಬೇಗ ಬನ್ನಿ. ಶೆಡ್ಡು ಅಲ್ಲೇ ಹಾಕಿರಿ, ಬಾಡಿಗೆಯ ಮಾತು ಬಂದ ಮೇಲೆ ಆಡೋಣ.